ಅರಮನೆ ಕಟ್ಟಿದ ಇರ್ವಿನ್ ವೈಸರಾಯ್ ಅಲ್ಲ

ಮೈಸೂರು ಅರಮನೆಯ ನಕ್ಷೆ ಬರೆದವರು ವೈಸರಾಯ್ ಲಾರ್ಡ್ ಇರ್ವಿನ್ ಎಂಬ ಬರಹ, ಅವರ ಫೋಟೋ ಸಮೇತ, ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ದಯವಿಟ್ಟು ಮುಂದೆ ಕಳಿಸಬೇಡಿ.

ಹಳೆಯ ಮರದ ಅರಮನೆ ಸುಟ್ಟುಹೋದದ್ದು 1897ರಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ. ಲಾರ್ಡ್ ಇರ್ವಿನ್ ಹುಟ್ಟಿದ್ದು 1881ರಲ್ಲಿ. ಆಗಿನ್ನೂ ಹದಿಹರೆಯದ ಹುಡುಗ. ಹೆಸರು ಎಡ್ವರ್ಡ್ ವುಡ್. 'ಇರ್ವಿನ್' ಎಂಬುದು 1925ರಲ್ಲಿ ಸಿಕ್ಕ ಪದವಿಯ ಹೆಸರು. ಅವರು ವೈಸರಾಯ್ ಆಗಿ ಬಂದದ್ದು 1926ರಲ್ಲಿ. ಅರಮನೆ 1912ರಲ್ಲೇ ಮುಗಿದಿತ್ತು.

ಅರಮನೆಯ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್. ಲೋಕೋಪಯೋಗಿ ಇಲಾಖೆಯ ಎಂಜಿನಿಯರ್. ಮದ್ರಾಸ್ ಹೈಕೋರ್ಟ್ ಕಟ್ಟಡ, ಎಗ್ಮೋರ್ ರೈಲು ನಿಲ್ದಾಣದಲ್ಲೂ ಅವರ ಕೈಯಿದೆ. ಶಿಮ್ಲಾದ ವೈಸರಾಯ್ ನಿವಾಸವೂ ಅವರದೇ ವಿನ್ಯಾಸ. ಮುಂದೆ ಲಾರ್ಡ್ ಇರ್ವಿನ್ ಬೇಸಿಗೆ ಕಳೆಯುತ್ತಿದ್ದದ್ದು ಅದೇ ಮನೆಯಲ್ಲಿ. ಗೊಂದಲಕ್ಕೆ ಇದೂ ಒಂದು ಕಾರಣ ಇರಬಹುದು, ಅಲ್ವಾ?

ಅರಮನೆಗೆ ಹೋದರೆ ಕಲ್ಯಾಣ ಮಂಟಪದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಎಂಟು ಮೂಲೆಯ ಅಂಗಳ. ತಲೆಯ ಮೇಲೆ ನವಿಲುಗಳಿರುವ ಬಣ್ಣದ ಗಾಜು. ಅದನ್ನು ಹೊತ್ತ ಕಂಬಗಳು ಮರದವಲ್ಲ, ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಬ್ಬಿಣದವು. ಒಮ್ಮೆ ಬೆಂಕಿಗೆ ಮನೆ ಕಳೆದುಕೊಂಡ ಮನೆತನಕ್ಕೆ ಕಲ್ಲು, ಇಟ್ಟಿಗೆ, ಕಬ್ಬಿಣದಲ್ಲಿ ಕಟ್ಟಿಕೊಟ್ಟವರು ಹೆನ್ರಿ ಇರ್ವಿನ್. ದಿನಾ ಸಾವಿರಾರು ಜನ ನೋಡುವ ಕಟ್ಟಡ ಅದು. ಅವರ ಕೆಲಸಕ್ಕೆ ಇನ್ನೊಬ್ಬರ ಫೋಟೋ ಹಾಕಿದ್ದು ನನಗೆ ನಿಜಕ್ಕೂ ಬೇಜಾರಾಯಿತು.