ಆರ್.ಎಸ್.ವಿ. ಪಾಟೀಲರು ಮನ್ಯಾಗ ಅದಾರೇನ್ರಿ?

ನಮ್ಮ ಷಡ್ಡಕರ ಮಗಳ ಮದುವೆ ಮುಗಿದು ವಾರವಾಯಿತು. ಹಂದರ ಬಿಚ್ಚಿದ್ದಾಯಿತು, ಬೀಗರು ಊರು ಸೇರಿದ್ದಾಯಿತು, ಡಬ್ಬಿಯಲ್ಲಿ ಉಳಿದಿದ್ದ ಬುಂದಿಯೂ ಖಾಲಿಯಾಯಿತು. ನನ್ನ ಫೋನ್ ಮಾತ್ರ ಇನ್ನೂ ಮದುವೆ ಮನೆಯಿಂದ ಹೊರಗೆ ಬಂದಿಲ್ಲ. ಇವತ್ತು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಅಥಣಿಯಿಂದ ಯಾರೋ ಫೋನ್ ಮಾಡಿದರು. ಮಂಗಲ ಕಾರ್ಯಾಲಯದ ಬಾಗಿಲಲ್ಲಿ ಅವರ ಚಪ್ಪಲಿ ಅದಲುಬದಲಾಗಿದೆಯಂತೆ. ಅವರದು ಕಂದು ಬಣ್ಣದ್ದು, ಎಡಗಾಲಿನದು ಸ್ವಲ್ಪ ಬಿಗಿ. ಹುಡುಕಿ ಬಸ್ಸಿಗೆ ಹಾಕಿ ಕಳಿಸಬೇಕಂತೆ. ಬಾಯಿ ತುಂಬಾ ಪೇಸ್ಟ್ ಇದ್ದುದರಿಂದ ನಾನು "ಹ್ಞೂಂ" ಅಂದೆ. ಅವರು ಅದನ್ನೇ ಒಪ್ಪಿಗೆ ಅಂದುಕೊಂಡು ಇಟ್ಟುಬಿಟ್ಟರು.

ಇದಕ್ಕೆಲ್ಲ ಕಾರಣ ನಾಲ್ಕು ಅಕ್ಷರ. ಆರ್, ಎಸ್, ವಿ, ಪಿ.

ನಮ್ಮ ಷಡ್ಡಕರು ಒಳ್ಳೆಯವರು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ನನ್ನ ಹೆಂಡತಿ ಇದನ್ನು ಓದುತ್ತಾಳೆ. ನೌಕರಿಯಿಂದ ನಿವೃತ್ತರಾದ ಮೇಲೆ ಒಮ್ಮೆ ಯುರೋಪ್ ಟೂರ್ ಮಾಡಿಬಂದರು. ಪ್ಯಾರಿಸ್‌ನಲ್ಲಿ ಎರಡೇ ರಾತ್ರಿ ಇದ್ದದ್ದು. ಆದರೆ ಅಲ್ಲಿಂದ ತಂದ ಫ್ರೆಂಚ್ ಇನ್ನೂ ಮುಗಿದಿಲ್ಲ. ಮೊದಲಿಂದಲೂ ಅವರಿಗೆ ಇಂಗ್ಲಿಷಿನೊಳಗಿನ ಪರದೇಶಿ ಮಾತುಗಳ ಮೇಲೆ ಭಾಳ ಪ್ರೀತಿ. "ಮಳಿ ಪರ್ ಸೇ ಇಲ್ಲ, ಆದ್ರ ಮೋಡ ಐತಿ" ಅನ್ನುತ್ತಾರೆ. ಪರ್ ಸೇ ಅಂದರೆ ಅದರಷ್ಟಕ್ಕೆ ಅದು ಅಂತ. ನೀರು ಬಿಡದಿದ್ದರೆ "ಸ್ಟೇಟಸ್ ಕೋ", ಅಂದರೆ ಇದ್ದದ್ದು ಇದ್ದ ಹಾಗೇ. ಕರೆಂಟ್ ಹೋದರೆ "ದೇಜಾ ವೂ", ಅಂದರೆ ಇದನ್ನು ಮೊದಲೇ ಕಂಡ ಹಾಗಿದೆ ಅಂತ. ಟೂರಿನಿಂದ ಬಂದ ಮೇಲೆ ಇದಕ್ಕೆ ಉಚ್ಚಾರದ ಕಾಟವೂ ಸೇರಿತು. ಕೊನೆಯ ಅಕ್ಷರ ಸೈಲೆಂಟ್ ಅಂತ ಕಂಡಕಂಡವರನ್ನೆಲ್ಲ ತಿದ್ದುವುದು.

ನಿಶ್ಚಯದ ದಿನ ಇಬ್ಬರೂ ಖಡೇಬಜಾರಿಗೆ ಹೂವು ತರಲು ಹೋಗಿದ್ದೆವು. ಇವರು ಹೂವಿನವಳ ಮುಂದೆ ನಿಂತು, "ಒಂದು ದೊಡ್ಡ ಬುಕೇ ಬೇಕವ್ವಾ" ಅಂದರು. ಅವಳು ಮಾಲೆ ಕಟ್ಟುತ್ತಿದ್ದ ಕೈ ನಿಲ್ಲಿಸಲಿಲ್ಲ. "ಬುಕ್ ಬೇಕಾದ್ರ ಆ ಕಡೆ ಸಾಲಿನ್ಯಾಗ ಹೋಗ್ರಿ ಅಣ್ಣಾರ" ಅಂದಳು. ಇವರು ಬಿಡಲಿಲ್ಲ. ಅದು ಫ್ರೆಂಚ್, ಕೊನೆಯ ಟಿ ಸೈಲೆಂಟ್ ಅಂತ ತಿಳಿಸಿ ಹೇಳಿದರು. ನಾನು ಹಿಂದಿನಿಂದ "ಗುಚ್ಛ, ಗುಚ್ಛ" ಅಂದೆ. "ಹಂಗ ಹೇಳ್ರಲಾ" ಅಂತ ಅವಳು ಎದ್ದಳು. ಅಲ್ಲ, ನಮ್ಮ ಬಸ್ ಡ್ರೈವರುಗಳು "ಡಿಪೋ" ಅಂತಲೇ ಅನ್ನುತ್ತಾರೆ, ಯಾರೂ "ಡಿಪಾಟ್" ಅನ್ನುವುದಿಲ್ಲ. ಅದೂ ಫ್ರೆಂಚೇ, ಅಲ್ಲಿಯೂ ಟಿ ಸೈಲೆಂಟೇ. ಅದಕ್ಕೆ ಪ್ಯಾರಿಸ್‌ಗೆ ಹೋಗಿಬಂದವರು ಯಾರೂ ಬೇಕಾಗಲಿಲ್ಲ.

ಲಗ್ನಪತ್ರಿಕೆಯ ವಿಷಯಕ್ಕೆ ಬರುತ್ತೇನೆ. ಒಂದು ಮಗ್ಗುಲು ಇಂಗ್ಲಿಷ್, ಇನ್ನೊಂದು ಮಗ್ಗುಲು ಕನ್ನಡ. ಎರಡೂ ಸಾಲಿಗೆ ಸಾಲು ಒಂದೇ ಇರಬೇಕು ಅಂತ ಷಡ್ಡಕರ ಹಟ. ಇಂಗ್ಲಿಷಿನ ಕೆಳಗೆ ಆರ್.ಎಸ್.ವಿ.ಪಿ. ಅಂತ ಹಾಕಿಸಿದರು. ಡಿಟಿಪಿ ಹುಡುಗ ಕನ್ನಡದ ಕಡೆಯೂ ಅಷ್ಟೇ ಶ್ರದ್ಧೆಯಿಂದ "ಆರ್.ಎಸ್.ವಿ.ಪಿ." ಅಂತ ಕೂರಿಸಿದ. ಅದರ ಮುಂದೆ ಒಂದು ಮೊಬೈಲ್ ನಂಬರ್. ನನ್ನದು.

"ನನ್ನ ನಂಬರ್ ಯಾಕ ಹಾಕಿಸಿದ್ರಿ ಅಣ್ಣಾರ?" ಅಂತ ಕೇಳಿದೆ.

"ನನಗ ಕೆಲಸ ಜಾಸ್ತಿ ಇರ್ತಾವು. ನೀವು ಪರ್ ಸೇ ಖಾಲಿ ಇರ್ತೀರಿ" ಅಂದರು.

ಆರ್.ಎಸ್.ವಿ.ಪಿ. ಅಂದರೆ "ರೆಪೋಂದೇ ಸಿಲ್ ವೂ ಪ್ಲೇ". ದಯವಿಟ್ಟು ಉತ್ತರ ಕೊಡಿ ಅಂತ ಫ್ರೆಂಚಿನಲ್ಲಿ. ಇಷ್ಟು ಮಂದಿ ಬರ್ತೇವೆ, ಅಥವಾ ಬರೋದಿಲ್ಲ ಅಂತ ಕರೆದವರಿಗೆ ಮೊದಲೇ ತಿಳಿಸುವುದು. ಷಡ್ಡಕರು ಅದರ ಹಿಂದೆ "ಪ್ಲೀಸ್" ಅಂತ ಬೇರೆ ಸೇರಿಸಿದ್ದರು. ದಯವಿಟ್ಟು ದಯವಿಟ್ಟು ಉತ್ತರ ಕೊಡಿ ಅಂದ ಹಾಗೆ. ಇಷ್ಟು ಅಂಗಲಾಚಿದರೂ ಉತ್ತರ ಮಾತ್ರ ಯಾರೂ ಕೊಡಲಿಲ್ಲ. ಬರೀ ಪ್ರಶ್ನೆ ಕೇಳಿದರು.

ಮೊದಲ ಫೋನ್ ಬಂದದ್ದು ಸವದತ್ತಿ ಕಡೆಯಿಂದ.

"ಹಲೋ, ಪಾಟೀಲ ಸಾಹೇಬ್ರಾ?"

"ಅಲ್ರಿ, ರಾಂಗ್ ನಂಬರ್."

"ಹಂಗ್ಯಾಂಗ್ರಿ? ಪತ್ರಿಕಾದಾಗ ಇದ ನಂಬರ್ ಐತಲ್ಲ. ಆರ್.ಎಸ್.ವಿ. ಪಾಟೀಲ."

"ಪಾಟೀಲ ಅಂತ ಎಲ್ಲಿ ಐತ್ರಿ?"

"ಕಡೀಕ 'ಪಿ' ಐತಲ್ರಿ. ಪಿ ಅಂದ್ರ ಪಾಟೀಲ ಅಲ್ಲದ ಮತ್ತೇನ್ರಿ?"

ಬೆಳಗಾವಿ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಉತ್ತರ ಇಲ್ಲ. ಆಮೇಲೆ ಬಂದವರೆಲ್ಲ ಪಾಟೀಲರನ್ನೇ ಕೇಳಿದರು. ಒಬ್ಬರು ಮಾತ್ರ "ಪತ್ತಾರ್ರೇನ್ರಿ? ತಾಳಿ ನೀವ ಮಾಡಿದ್ದೇನು?" ಅಂದರು. ರಾಮದುರ್ಗದ ಹಿರಿಯರೊಬ್ಬರು ಯಾವೂರ ಪಾಟೀಲರು, ಯಾವ ಮನೆತನ, ತಾಯಿ ಕಡೆಯವರು ಯಾರು ಅಂತ ವಿಚಾರಿಸಿ, ನಾನು ಏನು ಹೇಳುವ ಮೊದಲೇ ತಮ್ಮ ದೂರದ ಸಂಬಂಧದಲ್ಲಿ ನನ್ನನ್ನು ಎಲ್ಲಿಯೋ ಸೇರಿಸಿಕೊಂಡರು. ಪಾಟೀಲರ ಹೆಸರಲ್ಲಿ ನನಗೆ ಸಿಕ್ಕ ಮರ್ಯಾದೆ ನನ್ನ ಹೆಸರಲ್ಲಿ ಯಾವತ್ತೂ ಸಿಕ್ಕಿರಲಿಲ್ಲ. ಗೋಕಾಕದ ಒಬ್ಬರು ಮಗನಿಗೆ ಕಾಲೇಜಿನಲ್ಲಿ ಸೀಟು ಕೊಡಿಸಲು ಹೇಳಿದರು. "ನಿಮ್ಮ ಒಂದು ಮಾತು ಸಾಕ್ರಿ ಸಾಹೇಬ್ರ" ಅಂದರು. ನನ್ನ ಮಾತಿಗೆ ನಮ್ಮ ಓಣಿಯ ಹಾಲಿನವನೂ ಬಗ್ಗುವುದಿಲ್ಲ.

ಇನ್ನು ಕೆಲವರಿಗೆ ನಾನು ವಿಚಾರಣಾ ಕೌಂಟರ್. ಬಸ್‌ಸ್ಟ್ಯಾಂಡಿನಿಂದ ಆಟೋ ಎಷ್ಟು ತಗೋತಾರೆ? ಮೂರನೇ ರೈಲ್ವೆ ಗೇಟ್ ದಾಟಿ ಬಲಕ್ಕೋ ಎಡಕ್ಕೋ? ಹುಡುಗನದು ಯಾವ ನೌಕರಿ, ಪಗಾರ ಎಷ್ಟು? ರಾತ್ರಿ ಹತ್ತೂವರೆಗೆ ಬೈಲಹೊಂಗಲದಿಂದ ಒಬ್ಬ ಅಜ್ಜಿ ಫೋನ್ ಮಾಡಿ, "ಊಟಕ್ಕ ಕುಂದಾ ಮಾಡಸ್ತೀರೋ ಬುಂದಿನೋ?" ಅಂತ ಕೇಳಿದರು. ಬುಂದಿ ಅಂದೆ. "ಬೆಳಗಾವ್ಯಾಗ ಲಗ್ನ ಇಟಗೊಂಡು ಕುಂದಾ ಇಲ್ಲಂದ್ರ ಹ್ಯಾಂಗ ಪಾಟೀಲ್ರ?" ಅಂತ ಬೇಸರದಿಂದ ಇಟ್ಟರು. ಅವತ್ತಿಂದ ನಾನೂ "ಹೌದ್ರಿ, ಪಾಟೀಲ ಮಾತಾಡಾಕತ್ತೇನಿ" ಅಂತ ಶುರು ಮಾಡಿದೆ. ಫೋನ್ ಬೇಗ ಮುಗಿಯುತ್ತಿತ್ತು. ಪಕ್ಕದ ಕೋಣೆಯಿಂದ ಕೇಳಿಸಿಕೊಂಡ ಹೆಂಡತಿ ಎರಡು ದಿನ ನನ್ನನ್ನು ಒಂಥರಾ ನೋಡಿದಳು.

ಎಷ್ಟು ಮಂದಿ ಬರ್ತೀರಿ ಅಂತ ನಾನೇ ತಿರುಗಿ ಕೇಳಿಬಿಡೋಣ ಅಂದರೆ ಅದು ಇನ್ನೂ ಅಪಾಯ. ಒಬ್ಬರಿಗೆ ಕೇಳಿದ್ದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ತಲಿ ಎಣಿಸಿ ಊಟಕ್ಕ ಹಾಕವ್ರೇನ್ರಿ ನೀವು?" ಅಂತ ಬಂತು. ನಮ್ಮ ಕಡೆ ಕರೆದವರನ್ನು ಎಣಿಸಬಾರದು. ಕರೆಸಿಕೊಂಡವರು ಇಲ್ಲ ಅನ್ನಬಾರದು. ಬರೋದಿಲ್ಲ ಅನ್ನುವವರೂ "ನೋಡೋಣ್ರಿ" ಅಂತಾರೆ. "ಬಂದ ಬರ್ತೇವ್ರಿ" ಅಂದವರು ಬರಲೂಬಹುದು, ಬರದಿರಲೂಬಹುದು. "ಯಾಕ ಬರಂಗಿಲ್ರಿ, ನಮ್ಮನೀ ಲಗ್ನ ಅಲ್ಲೇನು?" ಅಂದರು ಅಂದ್ರೆ ಟ್ರ್ಯಾಕ್ಸ್ ಗಾಡಿ ಮಾಡಿಕೊಂಡು ಓಣಿಯನ್ನೇ ಕರೆತರುತ್ತಾರೆ ಅಂತ ತಿಳಿಯಬೇಕು. ಇದನ್ನೆಲ್ಲ ಒಂದು ನಂಬರ್ ಮಾಡಿ ಷಡ್ಡಕರ ಕೈಗೆ ಕೊಡುವುದು ಹೇಗೆ?

ಪತ್ರಿಕೆಯಲ್ಲಿ ಇನ್ನೊಂದು ಬಾಂಬು ಇತ್ತು. ಹುಡುಗಿಯ ಸೋದರತ್ತೆಯ ಹೆಸರಿನ ಜೊತೆ ತವರಿನ ಅಡ್ಡಹೆಸರೂ ಇರಲಿ ಅಂತ ಷಡ್ಡಕರು ಇಂಗ್ಲಿಷಿನಲ್ಲಿ ಫ್ರೆಂಚ್ ಪದವೊಂದನ್ನು ಹಾಕಿದ್ದರು. ಹುಟ್ಟಿದ ಮನೆ ಇಂಥದ್ದು ಅಂತ ಹೇಳಲು ಇಂಗ್ಲಿಷಿನವರು ಹೆಂಗಸರ ಹೆಸರಾದ ಮೇಲೆ, ತವರಿನ ಅಡ್ಡಹೆಸರಿಗೆ ಮೊದಲು ಅದನ್ನು ಬರೆಯುತ್ತಾರೆ. ಬರೆಯುವುದು ಎನ್, ಇ, ಇ; ಓದುವುದು "ನೇ" ಅಂತ. ಡಿಟಿಪಿ ಹುಡುಗ ಕನ್ನಡದಲ್ಲಿ "ನೀ ದೇಸಾಯಿ" ಅಂತ ಮಾಡಿದ. ಆ ಅತ್ತೆ ಊರಿಗೆಲ್ಲ ದೊಡ್ಡವರು. ಪತ್ರಿಕೆ ಹಿಡಿದುಕೊಂಡೇ ಮನೆಗೆ ಬಂದರು. "ನೀ ಅಂದ್ರ ಏನೋ? ಅಷ್ಟು ಮಂದ್ಯಾಗ ನನಗ ನೀ ಅಂತೀಯಾ? ನೀವು ಅಂತ ಹಾಕಸಾಕ ಏನ ಬ್ಯಾನಿ ಇತ್ತು?" ಷಡ್ಡಕರು ಅದು ಫ್ರೆಂಚ್ ಅಂದರು. "ಫ್ರೆಂಚ್‌ನ್ಯಾಗ ನಿಮ್ಮವ್ವಗೂ ನೀ ಅಂತೀಯೇನು?" ಅಂತ ಕೇಳಿದರು. ಆವತ್ತು ಷಡ್ಡಕರು ಪರ್ ಸೇ ಅನ್ನಲೂ ಇಲ್ಲ.

ನಾನು ಪರದೇಶದ ಮಾತುಗಳ ವೈರಿ ಅಲ್ಲ. ನಮ್ಮ ಹಳ್ಳಿಗಳಲ್ಲಿ ಲ್ಯಾಟಿನ್ ಬೇಕಾದಷ್ಟು ಓಡಾಡುತ್ತದೆ. ಮಗನ ಬಸ್ ಪಾಸಿಗೆ ಸಾಲಿಯಿಂದ ಬೋನಾಫೈಡ್ ತಗೊಂಡು ಬಾ ಅನ್ನುವ ರೈತ ಮಾತಾಡುವುದು ಲ್ಯಾಟಿನ್ನೇ. ಕೋರ್ಟ್ ಕಂಪೌಂಡಿನಲ್ಲಿ ಅಫಿಡವಿಟ್ ಮಾಡಿಸುವವನದೂ, ಬಡ್ಡಿ ಎಷ್ಟು ಪರ್ಸೆಂಟ್ ಅನ್ನುವವನದೂ ಅದೇ. ಅವರಿಗೆ ಆ ಮಾತಿನಿಂದ ಕೆಲಸ ಆಗಬೇಕು, ಅಷ್ಟೇ. ಅದನ್ನು ಹೇಳಿ ಎದುರಿನವರ ಮುಖ ನೋಡುತ್ತಾ ನಿಲ್ಲುವುದಿಲ್ಲ.

ಇಂಗ್ಲಿಷಿನವರಿಗೂ ಇದು ಹೊಸ ತೊಂದರೆ ಏನಲ್ಲ. ನಮ್ಮ ಮಗ ಎಲ್‌ಎಲ್‌ಬಿ ಓದುತ್ತಾನೆ. ಅವನು ಹೇಳಿದ್ದು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿ ದರಬಾರಿನಲ್ಲಿ ಫ್ರೆಂಚ್ ಬಂದು ಕೂತಿತು. ಮುಂದೆ ಕೋರ್ಟಿನ ವಾದವೂ ಫ್ರೆಂಚಿನಲ್ಲೇ. ತನ್ನ ಪರವಾಗಿ ವಕೀಲ ಏನು ಹೇಳುತ್ತಿದ್ದಾನೆ ಅಂತ ಕಕ್ಷಿದಾರನಿಗೇ ಗೊತ್ತಾಗುತ್ತಿರಲಿಲ್ಲ. ಕಡೆಗೆ 1362ರಲ್ಲಿ, ಮೂರನೇ ಎಡ್ವರ್ಡ್ ರಾಜನ ಕಾಲಕ್ಕೆ, ಜನಕ್ಕೆ ಫ್ರೆಂಚ್ ತಿಳಿಯುವುದಿಲ್ಲ, ಇನ್ನು ಮೇಲೆ ವಾದ ಇಂಗ್ಲಿಷಿನಲ್ಲೇ ಆಗಬೇಕು ಅಂತ ಕಾನೂನು ಮಾಡಿದರು. ಆ ಕಾನೂನನ್ನು ಬರೆದದ್ದು ಫ್ರೆಂಚಿನಲ್ಲಿ. ದಾಖಲೆ ಲ್ಯಾಟಿನ್‌ನಲ್ಲಿ ಇಡಬೇಕು ಅಂತ ಅದರಲ್ಲೇ ಹೇಳಿದರು.

ಇದನ್ನು ಕೇಳಿ ನನಗೆ ನಮ್ಮ ಕಾಲೊನಿಯ ರಾಜ್ಯೋತ್ಸವ ನೆನಪಾಯಿತು. ಬೆಳಗಾವಿಯಲ್ಲಿ ನವೆಂಬರ್ 1 ಅಂದ್ರೆ ಗೊತ್ತಲ್ಲ, ಚನ್ನಮ್ಮ ಸರ್ಕಲ್ಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಾಲೊನಿಯಲ್ಲಿ ಧ್ವಜ ಏರಿಸಿ ಭಾಷಣ ಮಾಡಿದವರು ಷಡ್ಡಕರು. ಶಲ್ಯ ಹೊದ್ದುಕೊಂಡು, ಎದೆ ಉಬ್ಬಿಸಿ, "ಕನ್ನಡವೇ ನಮ್ಮ ಲಿಂಗ್ವಾ ಫ್ರಾಂಕಾ ಆಗಬೇಕು!" ಅಂದರು. ಬೇರೆ ಬೇರೆ ಮಾತಿನವರು ಕೂಡಿದಾಗ ಆಡುವ ಸಾಮಾನ್ಯ ಭಾಷೆ ಅಂತ ಅದರ ಅರ್ಥ. ಜನ ಜೋರಾಗಿ ಚಪ್ಪಾಳೆ ಹೊಡೆದರು. ಹಿಂದೆ ನಿಂತಿದ್ದ ಒಬ್ಬ ಹುಡುಗ "ಲಿಂಗ್ವಾ ಫ್ರಾಂಕಾಗೆ ಜಯವಾಗಲಿ" ಅಂತಲೂ ಕೂಗಿದ.

ನಮ್ಮ ಅಜ್ಜ ಲಗ್ನಕ್ಕೆ ಕರೆಯಲು ಹೋಗುತ್ತಿದ್ದದ್ದು ಕುಂಕುಮ, ಅಕ್ಷತೆ ಹಿಡಿದುಕೊಂಡು. ಚಿಕ್ಕವನಿದ್ದಾಗ ಒಂದೆರಡು ಸಲ ನಾನೂ ಹಿಂದೆ ಹೋಗಿದ್ದೇನೆ. ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಮಳೆ ಬೆಳೆ ಎಲ್ಲ ಮಾತಾಡಿ, ಏಳುವಾಗ ಅಕ್ಷತೆ ಕೊಟ್ಟು ಹೇಳುತ್ತಿದ್ದರು: "ಮನಿಮಂದಿ ಎಲ್ಲಾ ಬರಬೇಕು. ಆವತ್ತ ನಿಮ್ಮನ್ಯಾಗ ಒಲಿ ಹಚ್ಚಬ್ಯಾಡ್ರಿ." ಒಂದು ಊರು ಮುಗಿಸಲು ಸಂಜೆ ಆಗುತ್ತಿತ್ತು. ಈಗ ಪತ್ರಿಕೆಯ ಫೋಟೋ ಫೋನಿಗೆ ಬರುತ್ತದೆ, ನಾವು ಎರಡು ಕೈ ಮುಗಿಯುವ ಚಿತ್ರ ಒತ್ತುತ್ತೇವೆ. ಅಜ್ಜನ ಕಾಲಿಗೆ ಎಷ್ಟು ನೋವು ಇತ್ತೋ, ಅದನ್ನು ಯಾರೂ ಕೇಳಿರಲಿಲ್ಲ.

ಮದುವೆಗೆ ನಾಲ್ಕು ದಿನ ಇರುವಾಗ ಅಡುಗೆಯ ಆಚಾರಿ ಬಂದ. ಎಷ್ಟು ಮಂದಿ ಅಂತ ಷಡ್ಡಕರು ನನ್ನ ಕಡೆ ನೋಡಿದರು. ನನ್ನ ಹತ್ತಿರ ಇದ್ದದ್ದು ಕಾಲೇಜು ಸೀಟು, ಕುಂದಾ ಮತ್ತು ಒಂದು ಹೊಸ ಮನೆತನ. ಆಚಾರಿ ನಮ್ಮಿಬ್ಬರನ್ನೂ ಬಿಟ್ಟು ಷಡ್ಡಕರ ಹೆಂಡತಿಯನ್ನು ಕೇಳಿದ. ಪತ್ರಿಕೆ ಯಾವ ಯಾವ ಊರಿಗೆ ಹೋಗಿವೆ? ಅವತ್ತು ಮುಹೂರ್ತ ಜೋರಿದೆಯಾ, ಊರಾಗ ಬೇರೆ ಲಗ್ನ ಎಷ್ಟು? ಬೀಗರು ಎಷ್ಟು ಗಾಡಿ ತರ್ತಾರೆ? ಹೊಲದ ಕೆಲಸ ಮುಗಿದಿವೆಯಾ? ಅತ್ತಿಗೆಯವರು ಹೇಳುತ್ತಾ ಹೋದರು. ಅವನು ಬೀಡಿ ಹಚ್ಚಿ, ಸ್ವಲ್ಪ ಹೊತ್ತು ಮಾಳಿಗೆ ನೋಡಿ, ಅಕ್ಕಿ ಎಷ್ಟು, ಗೋದಿಹಿಟ್ಟು ಎಷ್ಟು, ಬದನೆಕಾಯಿ ಎಷ್ಟು ಅಂತ ಬರೆಸಿದ. ಪಟ್ಟಿಯ ಕೊನೆಗೆ, "ಕುಂದಾ ಸ್ವಲ್ಪ ತರಸ್ರಿ, ಬೈಲಹೊಂಗಲ ಮಂದಿ ಕೇಳ್ತಾರ" ಅಂದ. ಆ ಅಜ್ಜಿಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ.

ಮದುವೆಯ ದಿನ ಸಂಜೆ ನಾಲ್ಕಕ್ಕೆ ಕಡೆಯ ಪಂಕ್ತಿ ಎದ್ದಿತು. ಅನ್ನ ಒಂದು ಬುಟ್ಟಿ ಉಳಿದಿತ್ತು, ಬುಂದಿ ಒಂದು ಡಬ್ಬಿ. ಕಡಿಮೆಯೂ ಬೀಳಲಿಲ್ಲ, ದಂಡವೂ ಆಗಲಿಲ್ಲ. ಷಡ್ಡಕರು ಪಾತ್ರೆಗಳನ್ನೆಲ್ಲ ಬಗ್ಗಿ ಬಗ್ಗಿ ನೋಡಿ, ನನ್ನ ಪಕ್ಕದ ಕುರ್ಚಿಗೆ ಬಂದು ಕೂತರು. ಮುಖದಲ್ಲಿ ಸಂತೋಷ ತುಂಬಿ ತುಳುಕುತ್ತಿತ್ತು.

"ನೋಡಿದ್ರಾ? ಆರ್.ಎಸ್.ವಿ.ಪಿ. ಹಾಕಸಿದ್ದಕ್ಕ ಲೆಕ್ಕ ಎಷ್ಟು ಕರೆಕ್ಟ್ ಬಂತು" ಅಂದರು. "ಸಣ್ಣವಳ ಲಗ್ನಕ್ಕೂ ನಿಮ್ಮ ನಂಬರನ್ನ ಇಡೋಣು. ಮಂದಿಗೆ ಈಗ ಪರಿಚಯ ಆಗೇತಿ."