ಪೇಂಟಿಂಗ್‌ಗಳು ಯಾವ ಕಡೆ ಅಂತ ಕೇಳಿದವರಿಗೆ

ಮ್ಯೂಸಿಯಂನಿಂದ ಈಗಷ್ಟೇ ಬಂದೆ. ಕೋಪ ಇನ್ನೂ ಇಳಿದಿಲ್ಲ.

ಈಗಿನ ಕಲಾವಿದೆಯೊಬ್ಬರ ಡ್ರಾಯಿಂಗ್ ಪ್ರದರ್ಶನ. ಹಾಲ್ ತುಂಬಾ ಪೆನ್ಸಿಲ್, ಇದ್ದಿಲು, ಕಾಗದ ಅಷ್ಟೇ. ಒಳಗೆ ಬಂದವರು ಒಂದು ಸುತ್ತು ಕಣ್ಣಾಡಿಸಿ, "ಪೇಂಟಿಂಗ್‌ಗಳು ಯಾವ ಕಡೆ?" ಅಂತ ಕೇಳಿ ಹೊರಟೇ ಹೋಗುತ್ತಿದ್ದರು. ಜನರನ್ನು ಬಿಡಿ, ಗೋಡೆಯ ಮೇಲಿನ ಫಲಕವೇ ಇವನ್ನು ದೊಡ್ಡ ಕೃತಿಗಳಿಗೆ ಮಾಡಿಕೊಂಡ ತಯಾರಿ ಅನ್ನುತ್ತಿತ್ತು. ಆಕೆ ಬರೆಯುವುದೇ ಡ್ರಾಯಿಂಗ್! ನಾನು ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತಾ ಬದುಕುತ್ತಿರುವುದು ನಿಮಗೆ ಗೊತ್ತೇ ಇದೆ. ಈ ತಾತ್ಸಾರ ನನಗೆ ಜಾಸ್ತಿಯೇ ಚುಚ್ಚುತ್ತದೆ.

ಒಂದು ಚಿತ್ರದ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಕುರ್ಚಿಯಲ್ಲಿ ಕೂತ ಅಜ್ಜಿ. ಬಲಗೈ ಮೊದಲು ತೊಡೆಯ ಮೇಲಿತ್ತು. ಅದನ್ನು ಅಳಿಸಿ ಕುರ್ಚಿಯ ಕೈ ಮೇಲೆ ಇಟ್ಟಿದ್ದಾರೆ. ಅಳಿಸಿದ ಕೈ ಬೂದು ಮಸುಕಾಗಿ ಇನ್ನೂ ಅಲ್ಲೇ ಇದೆ. ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ, ಒತ್ತಿ ಎಳೆದ ಕಡೆ ಕಾಗದ ತಗ್ಗಾಗಿರುವುದೂ ಕಾಣುತ್ತದೆ. ಆಕೆ ಎಲ್ಲಿ ಅನುಮಾನಪಟ್ಟರು, ಎಲ್ಲಿ ಗಟ್ಟಿಯಾದರು, ಎಲ್ಲ ಕಣ್ಣೆದುರಿಗೇ ಇದೆ. ಇದು ತಯಾರಿಯಾ?

ದಕ್ಷಿಣ ಆಫ್ರಿಕಾದ ವಿಲಿಯಂ ಕೆಂಟ್ರಿಜ್ 1989ರಿಂದ ಹೀಗೇ ಅನಿಮೇಷನ್ ಚಿತ್ರಗಳನ್ನು ಮಾಡುತ್ತಾ ಬಂದಿದ್ದಾರೆ. ಇದ್ದಿಲಿನಲ್ಲಿ ಬರೆಯುವುದು, ಫೋಟೋ ತೆಗೆಯುವುದು, ಒಂದಿಷ್ಟು ಅಳಿಸಿ ಅದೇ ಹಾಳೆಯಲ್ಲಿ ಮತ್ತೆ ಬರೆಯುವುದು. ನಮ್ಮ ದೇಶದ ಕಲಾವಿದೆ ನಸ್ರೀನ್ ಮೊಹಮ್ಮದಿ ಹೆಸರಾದದ್ದೇ ಶಾಯಿ, ಪೆನ್ಸಿಲ್ ಗೆರೆಗಳಿಂದ. ಅವರು ತೀರಿಕೊಂಡದ್ದು 1990ರಲ್ಲಿ. 2016ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರೂಯರ್ ಮ್ಯೂಸಿಯಂ ಬಾಗಿಲು ತೆರೆದಾಗ ಮೊದಲ ಪ್ರದರ್ಶನಗಳಲ್ಲಿ ಅವರದೂ ಒಂದು. ಆ ಗೆರೆಗಳು ಯಾವ ಪೇಂಟಿಂಗ್‌ಗೆ ತಯಾರಿ, ಹೇಳಿ?

ಹಿಂದಿನವರು ತಯಾರಿಗೇ ಡ್ರಾಯಿಂಗ್ ಮಾಡುತ್ತಿದ್ದರಲ್ವಾ ಅಂತ ಯಾರಾದರೂ ಕೇಳಬಹುದು. ಮಾಡುತ್ತಿದ್ದರು. ವ್ಯಾಟಿಕನ್‌ನ ಸಿಸ್ಟೀನ್ ಪ್ರಾರ್ಥನಾ ಮಂದಿರದ ಚಾವಣಿಯಲ್ಲಿರುವ ಲಿಬಿಯನ್ ಸಿಬಿಲ್ ಎಂಬ ಭವಿಷ್ಯ ಹೇಳುವ ಹೆಂಗಸಿನ ಚಿತ್ರಕ್ಕಾಗಿ ಮೈಕೆಲಾಂಜೆಲೊ ಬರೆದುಕೊಂಡ ಹಾಳೆಯನ್ನು ಇವತ್ತು ಜನ ಅದಕ್ಕಾಗಿಯೇ ಹುಡುಕಿಕೊಂಡು ಹೋಗಿ ನೋಡುತ್ತಾರೆ. ಆ ಮಾತು ಅಲ್ಲಿಗೇ ಮುಗಿಯಿತು.

ಹಾಲ್ ಕತ್ತಲೆ ಅಂತ ಗೊಣಗಿದವರೂ ಇದ್ದರು. ಬೆಳಕು ಕಾಗದಕ್ಕೆ ಮಾಡಿದ ಹಾನಿ ಮತ್ತೆ ಸರಿಹೋಗುವುದಿಲ್ಲ. ಅದಕ್ಕೇ ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಅಳತೆ) ಆಸುಪಾಸಿನ ಮಂದ ಬೆಳಕು, ಕೆಲವೇ ತಿಂಗಳ ಪ್ರದರ್ಶನ. ಆಮೇಲೆ ಹಾಳೆಗಳು ಕತ್ತಲ ಪೆಟ್ಟಿಗೆಗೆ ಹೋದರೆ ಎಷ್ಟೋ ಸಲ ವರ್ಷಗಟ್ಟಲೆ ಹೊರಬರುವುದಿಲ್ಲ. ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ಕೊಟ್ಟರೆ ಎಲ್ಲ ಕಾಣುತ್ತದೆ.

ಆ ಫಲಕ ಬದಲಾಯಿಸಿ ಅಂತ ಬರೆದು ಕೊಟ್ಟೇ ಬಂದಿದ್ದೇನೆ. ನೀವು ಹೋದರೆ ನೀವೂ ಬರೆದು ಕೊಡಿ, ದಯವಿಟ್ಟು.