ಅಂಗಡಿಯ ಮೈಮೇಲೆ ಪ್ರೆಸೆನ್ಸ್ ಬಂತು

ನಮ್ಮ ಭಾವನದು ಶಿರಸಿಯಲ್ಲಿ ಒಂದು ಸಣ್ಣ ಅಂಗಡಿ. ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ, ಕಾಗದದಷ್ಟು ತೆಳುವಾದ ಸಿಹಿ ತೊಡದೇವು, ನೀರುನೀರಾದ ಜೋನಿಬೆಲ್ಲ, ಒಣಗಿಸಿದ ಮುರುಗಲು (ಕೋಕಂ) ಸಿಪ್ಪೆ. ಗಿರಾಕಿ ಬರುತ್ತಾರೆ, ಭರಣಿಯ ಬಾಯಿ ಬಿಚ್ಚಿಸಿ ಸೊನೆಯ ಪರಿಮಳ ನೋಡುತ್ತಾರೆ, ಕಾಲು ಕೇಜಿ ಸಾಕು ಅಂದವರು ಒಂದು ಕೇಜಿ ಒಯ್ಯುತ್ತಾರೆ. ಹೋದ ವರ್ಷ ಒಬ್ಬ ಡಿಜಿಟಲ್ ತಜ್ಞ ಬಂದು, ‘ಸರ್, ನಿಮಗೆ ಪ್ರೆಸೆನ್ಸೇ ಇಲ್ಲ’ ಅಂದ. ಭಾವ ಬೆಳಿಗ್ಗೆ ಎಂಟರಿಂದ ಅಲ್ಲೇ ಕೂತಿದ್ದ. ಆದರೂ ಇಲ್ಲವಂತೆ.

ಪ್ಯಾಕೇಜ್ ಕುದುರಿತು. ಒಂದೇ ಸಂಜೆಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಮೂರರಲ್ಲೂ ಅಂಗಡಿ ಅವತಾರ ಎತ್ತಿತು. ಲೋಗೋದಲ್ಲಿ ಮಾವಿನ ಮಿಡಿಯ ತಲೆಗೆ ಯಕ್ಷಗಾನದ ಕಿರೀಟ. ‘ಇದೆಂತಕ್ಕೆ?’ ಅಂತ ಭಾವ ಕೇಳಿದ. ‘ಲೋಕಲ್ ಫೀಲ್ ಸರ್.’ ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ, ಅದನ್ನಾದರೂ ಬರೆಯಿರಿ ಅಂದೆ. ಅದು ಟ್ರೆಂಡಿಂಗ್ ಅಲ್ಲವಂತೆ.

ಆಮೇಲೆ ತೊಡದೇವು ಮಾಡುವ ರೀಲ್ಸ್. ಒಲೆ ಮೇಲೆ ಮಡಕೆ ಬೋರಲು. ಕಬ್ಬಿನ ಹಾಲು ಬೆರೆಸಿದ ಅಕ್ಕಿ ಹಿಟ್ಟಿನಲ್ಲಿ ಬಟ್ಟೆ ಸುತ್ತಿದ ಕೋಲು ಅದ್ದಿ ಅಕ್ಕ ಒಂದು ಸಲ ಎಳೆದಳೆಂದರೆ ಮುಗಿಯಿತು. ಆ ಕ್ಷಣಕ್ಕೇ ಎಬ್ಬಿಸಿ ಮಡಚಬೇಕು. ‘ಮೇಡಂ, ಸ್ವಲ್ಪ ಸ್ಲೋ ಆಗಿ, ಕ್ಯಾಮೆರಾ ನೋಡಿ ನಗುತ್ತಾ...’ ನಕ್ಕಿದ್ದಕ್ಕೆ ಒಂದು ಸುಟ್ಟಿತು. ಸ್ಲೋ ಮಾಡಿದ್ದಕ್ಕೆ ಇನ್ನೊಂದು. 11 ಕರಕಲಾದ ಮೇಲೆ 12ನೆಯದು ಕಾಗದದ ಹಾಗೆ ಎದ್ದು ಬಂತು. ಕ್ಯಾಮೆರಾ ಆನ್ ಆಗಿರಲಿಲ್ಲ.

ಪೋಸ್ಟುಗಳೆಲ್ಲ ತಿಂಗಳಿಗೊಮ್ಮೆ ಬೆಂಗಳೂರಿನಲ್ಲೇ ತಯಾರು. ಜುಲೈನಲ್ಲಿ ಇಲ್ಲಿ ಮೂರು ದಿನದಿಂದ ಕರೆಂಟಿಲ್ಲ, ಹೆಂಚಿನ ಸಂದಿಯಿಂದ ನೀರು ಸೋರುತ್ತಿದೆ. ಪೇಜಿನಲ್ಲಿ ‘ಈ ಬಿರುಬಿಸಿಲಿಗೆ ತಂಪು ತಂಪು ಮುರುಗಲು!’ ಗುಡ್ ಫ್ರೈಡೇಗೂ ‘ಹಾರ್ದಿಕ ಶುಭಾಶಯ’, ಪಕ್ಕದಲ್ಲಿ ಅದೇ ಕಿರೀಟ ಹೊತ್ತ ಮಿಡಿ.

ಇಷ್ಟೆಲ್ಲ ಆದರೂ ಅಂಗಡಿಯ ಫೋನ್ ನಂಬರು, ಬಾಗಿಲು ತೆಗೆಯುವ ಹೊತ್ತು ಮಾತ್ರ ಎಲ್ಲೂ ಇಲ್ಲ. ಇವನ್ನೆಲ್ಲ ಮ್ಯಾಪಿನಲ್ಲಿ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ಗೆ ಒಂದು ಪೈಸೆ ಖರ್ಚಿಲ್ಲ. ಹೆಚ್ಚೆಂದರೆ ಅಂಗಡಿ ನಿಜಕ್ಕೂ ಇದೆಯೋ ಅಂತ ನೋಡಲು ಬೀದಿ, ಬೋರ್ಡು, ಬೀಗ ತೆಗೆಯುವ ಕೈ ಕಾಣುವ ಹಾಗೆ ಒಂದು ವಿಡಿಯೊ ಕೇಳುತ್ತದೆ. ಪುಕ್ಕಟೆ ಕೆಲಸ ಪ್ಯಾಕೇಜಿನಲ್ಲಿ ಬರುವುದಿಲ್ಲ, ಅಲ್ವಾ? ಮ್ಯಾಪಿನ ಪಿನ್ ಒಂದನ್ನು ತಜ್ಞ ಕೂತಲ್ಲಿಂದಲೇ, ಸುಮ್ನೆ ಅಂದಾಜಿನ ಮೇಲೆ ಊರಿದ್ದ.

ಮೊನ್ನೆ ಹುಬ್ಬಳ್ಳಿಯವರೊಬ್ಬರು ಉಪ್ಪಿನಕಾಯಿಗೆಂದೇ ನೂರು ಕಿಲೋಮೀಟರ್ ಕಾರು ಓಡಿಸಿಕೊಂಡು ಬಂದರು. ಪಿನ್ ಅವರನ್ನು ಯಾರದೋ ಅಡಿಕೆ ತೋಟದ ದಣಪೆ ಮುಂದೆ ತಂದು ನಿಲ್ಲಿಸಿತು. ನಾಯಿ ಅಟ್ಟಿಸಿಕೊಂಡು ಬಂತು. ಕಾರಿನೊಳಗೆ ಕೂತು ಪೇಜಿಗೆ ಬರೆದರು: ‘ಅಂಗಡಿ ಎಲ್ಲೈತ್ರೀ? ಇಲ್ಲಿ ನಾಯಿ ಬಿಟ್ರ ಯಾರೂ ಇಲ್ರೀ.’

ತಕ್ಷಣ ಉತ್ತರ ಹೋಯಿತು: ‘ನಿಮ್ಮ ಪ್ರೀತಿಗೆ ಧನ್ಯವಾದ! ಈ ಅನುಭವವನ್ನು ಗೆಳೆಯರಿಗೂ ತಿಳಿಸಿ.’ ಜೊತೆಗೆ ಮೂರು ಕೆಂಪು ಹೃದಯ.